ಪಿನ್ನು ಬಿದ್ದ ಬದಿ

ಶಾರ್ಜಾದಲ್ಲಿ, ರೋಲಾದ ಹಿಂದಿನ ಗಲ್ಲಿಯಲ್ಲಿ ನನ್ನ ಟೈಪಿಂಗ್ ಸೆಂಟರು.
ದಿನಕ್ಕೆ ನೂರಾರು ಪಾಸ್‌ಪೋರ್ಟು, ನಿಕಾಹ್‌ನಾಮೆ, ಬಾಡಿಗೆ ಕರಾರು
ಗಾಜಿನ ಮೇಲೆ ಕವುಚಿ ಹಾಕಿ ಮುಚ್ಚಳ ಮುಚ್ಚುತ್ತೇನೆ.
ಹಸಿರು ಬೆಳಕು ಒಂದು ಸಲ ಹೋಗಿ ಬರುತ್ತದೆ.
ಯಾರ ಮುಖವೂ ನೆನಪಿಲ್ಲ.

ಮಿಸ್ರಿಯಾ ಬರುವುದು ಇಶಾ ಬಾಂಗು ಮುಗಿದ ಮೇಲೆ,
ಹಲ್ಲಿನ ಕ್ಲಿನಿಕ್ಕಿನ ನೀಲಿ ಕೋಟಿನಲ್ಲೇ.
ಮನೆ ಉಳ್ಳಾಲವಂತೆ, ಹುಟ್ಟಿದ್ದು ಇಲ್ಲೇ.
ಅಪಾಯಿಂಟ್‌ಮೆಂಟ್ ಕಾರ್ಡಿನ ಬೆನ್ನಿಗೆ ಚಿತ್ರ ಬರೆಯುತ್ತಾಳೆ.
ಮುಂದೆ, ದವಡೆ ಹಲ್ಲು, ಸಂಜೆ ಐದೂವರೆ;
ಹಿಂದೆ, ಒಂದು ಮೈನಾ.

"ಕಪ್ಪು ಕಪ್ಪಾಗಿಯೇ ಬರಬೇಕು ಶೇರಿಗಾರ್ರೇ,
ಬೂದಿಯಾಗಬಾರದು."
ನನ್ನ ಮೆಷಿನ್ನಿಗೆ ಹನ್ನೊಂದು ವರ್ಷ.
ಅದರ ಹತ್ತಿರ ಇಷ್ಟು ಕಪ್ಪು ಯಾರೂ ಕೇಳಿದ್ದಿಲ್ಲ.
ಅರ್ಧ ಟೋನರು ಕುಡಿದು ಕೂತಿತು.
ಲೆಕ್ಕದ ಪುಸ್ತಕದಲ್ಲಿ ಏನೆಂದು ಬರೆಯುವುದು?
ಖರ್ಚು: ರಾತ್ರಿ.

ಕತೆ ಇಷ್ಟೇ. ಹದಿನಾರು ಪುಟ, ಪುಟಕ್ಕೊಂದು ಚೌಕ,
ರಟ್ಟು ಎರಡೂ ಕಡೆ ಬರೀ ಕಪ್ಪು, ಹೆಸರೂ ಇಲ್ಲ.
ರಾತ್ರಿ ಪಾಳಿಯವನೊಬ್ಬ ಬೆಳಗ್ಗೆ ರೂಮಿನ ಬಾಗಿಲು ತೆರೆಯುತ್ತಾನೆ,
ಶೂ ಬಿಚ್ಚುತ್ತಾನೆ, ಏಸಿ ಹಾಕುತ್ತಾನೆ, ಮಲಗುತ್ತಾನೆ.
ಗೋಡೆಯಾಚೆ ಏಸಿಯ ಕೊಳವೆಯಿಂದ ಒಂದು ಹನಿ
ನಾಲ್ಕು ಮಾಳಿಗೆ ಇಳಿಯುತ್ತದೆ.
ಆ ಒಂದು ಹನಿಗೇ ಆರು ಪುಟ!
ಕೆಳಗೆ ಪೇಂಟಿನ ಡಬ್ಬ, ಡಬ್ಬದ ಅಂಚಿಗೆ ಮೈನಾ.
ಕುಡಿದು ಹಾರುತ್ತದೆ.

ಮಾತೇ ಇಲ್ಲವಲ್ಲ ಮಾರಾಯ್ತಿ, ಅಂದೆ.
"ಬ್ಯಾರಿ ಭಾಷೆ ಹಾಕಿದರೆ ಉಮ್ಮ ಒಬ್ಬಳು ಓದಿಯಾಳು,
ಅವಳೂ ಮೊದಲು ಕನ್ನಡಕ ಹುಡುಕಬೇಕು.
ಮತ್ತೆ, ನಿದ್ದೆಯಲ್ಲಿದ್ದವನು ಏನು ಮಾತಾಡುತ್ತಾನೆ?"

ನಲವತ್ತು ಪ್ರತಿ. ಮರುದಿನ ದುಬೈಯ ಗೋದಾಮೊಂದರಲ್ಲಿ
ಕೈಯಾರೆ ಪುಸ್ತಕ ಮಾಡುವವರ ಸಂತೆ,
ಅರ್ಧ ಮೇಜಿಗೆ ನೂರೈವತ್ತು ದಿರ್ಹಮ್.
ಅವಳು ಊಟಕ್ಕೆ ಹೋದಳು. ನಾನು ಹಾಳೆ ಜೋಡಿಸಿ ಪಿನ್ನು ಹೊಡೆದೆ.
ಇಪ್ಪತ್ತೆರಡು ವರ್ಷ ಅರಬ್ಬಿ ಕಾಗದಕ್ಕೆ ಹೊಡೆದ ಕೈ,
ತನ್ನ ಬದಿಗೇ ಹೊಡೆಯಿತು.
ನಲವತ್ತಕ್ಕೆ ನಲವತ್ತೂ ಬಲಕ್ಕೆ.

ಬಂದವಳು ಒಂದನ್ನೆತ್ತಿ, ರೂಢಿಯಂತೆ ಪಿನ್ನು ಎಡಕ್ಕೆ ಹಿಡಿದು ತೆರೆದಳು.
ಮೊದಲೇ ಮೈನಾ.
ನನಗೆ ಬೆವರು. ಕೀಳುತ್ತೇನೆ ತಾಳು, ಎಂದು ಉಗುರು ಹಾಕಿದೆ,
ಹೆಬ್ಬೆರಳಿಗೆ ಚುಚ್ಚಿ ರಕ್ತ.
"ನಿಲ್ಲಿ," ಅಂದಳು, ತಲೆ ಎತ್ತದೆ.

ಹಕ್ಕಿ ಎಲ್ಲಿಂದಲೋ ಬಂದು ಕೊಕ್ಕಿನ ನೀರು ಡಬ್ಬಕ್ಕೆ ಹಾಕುತ್ತದೆ.
ಡಬ್ಬದಿಂದ ಒಂದು ಹನಿ ಎದ್ದು
ಮಾಳಿಗೆ ಮಾಳಿಗೆ ಹತ್ತಿ ಗೋಡೆಯೊಳಗೆ ಹೋಗುತ್ತದೆ.
ಮಲಗಿದವನು ಏಳುತ್ತಾನೆ. ಶೂ ಹಾಕುತ್ತಾನೆ.
ಕೊನೆಗೆ ಬಾಗಿಲಲ್ಲಿ ನಿಂತಿದ್ದಾನೆ,
ಮುಖ ಮಾತ್ರ ರೂಮಿನ ಕಡೆಗೆ.

"ನಾನು ಬರುವವನನ್ನು ಬರೆದದ್ದು," ಅಂದಳು.
ಸುಮಾರು ಹೊತ್ತು ಆ ಪುಟ ಮಡಚಲಿಲ್ಲ.

ಅಷ್ಟರಲ್ಲಿ ರಿಫಾತ್, ಕಾರಿನ ಮುಲ್ಕಿಯಾ ನವೀಕರಣಕ್ಕೆಂದು ಬಂದವನು,
ಈಜಿಪ್ತಿನವ, ಕಾಯುವುದು ಬೇಜಾರಾಗಿ ಒಂದನ್ನೆತ್ತಿ
ತನ್ನ ಬಲದಿಂದ ಓದಿ ಮುಗಿಸಿ ಇಟ್ಟ.
"ಖಲಾಸ್. ಮನೆಗೆ ಬಂದ, ಮಲಗಿದ. ಒಳ್ಳೆಯದಾಯಿತು."
ಬಂದದ್ದೆಲ್ಲಿ, ಹೋದನಲ್ಲ! ನಾನಂದೆ.
ಬಂದ. ಹೋದ. ಬಂದ.
ಮುಲ್ಕಿಯಾದ ಟೋಕನ್ ದಾಟಿ ಹೋಯಿತು,
ನಮ್ಮ ಜಗಳ ಮುಗಿಯಲಿಲ್ಲ.
ಅವಳು ನಲವತ್ತನ್ನೂ ಹಾಗೇ ಚೀಲಕ್ಕೆ ತುಂಬಿಕೊಂಡಳು.

ಒಂಬತ್ತು ಮಾರಿದವಂತೆ. ಒಬ್ಬಳು ಹಿಂದೆ ಕೊಟ್ಟು ಹೋದಳಂತೆ,
ಇದಕ್ಕೆ ಮೊದಲು ಯಾವುದು, ಎಂದು.

ಈ ವಾರ ಹೊಸ ಕಾರ್ಡುಗಳ ಕಟ್ಟು ತಂದಿದ್ದಾಳೆ.
ಪಿನ್ನು ಯಾವ ಕಡೆಗೆ? ಕೇಳಿದೆ.
"ಯೋಚನೆ ಮಾಡಿಲ್ಲ."
ಹಳೆಯ ಟೋನರಿನದು ಎಪ್ಪತ್ತು ದಿರ್ಹಮ್ ಬಾಕಿ, ಅಂದೆ.
ಒಂದು ಕಾರ್ಡು ತೆಗೆದು, ಮುಂಬದಿಯಲ್ಲಿ, ದವಡೆ ಹಲ್ಲಿನ ಕೆಳಗೆ
ಬರೆದುಕೊಂಡಳು.
ಬೆನ್ನು ಬೇಕಲ್ಲ.