ಮರೆ

ಕೂವೆಮರ ಅಂತಲೇ ಕರೆಯುತ್ತೇವೆ, ಇದರಲ್ಲಿ ಮರವಿಲ್ಲ.
ಇಂಗಾಲದ ನೂಲು, ಅಂಟು, ಒಳಗೆ ಹದಿನಾಲ್ಕು ಮೀಟರ್ ಕತ್ತಲೆ.
ಚಿಕಾಲಿಯ ಶೆಡ್ಡಿನಲ್ಲಿ ಘೋಡಿಗಳ ಮೇಲೆ ಮಲಗಿದೆ;
ತುದಿ ಬಾಗಿಲು ದಾಟಿ ಬಿಸಿಲಿಗೆ ಚಾಚಿದೆ.
ಅದಕ್ಕೊಂದು ಕೆಂಪು ಚಿಂದಿ ಕಟ್ಟಿದ್ದೇವೆ,
ಯಾರೂ ಹಣೆ ಒಡೆದುಕೊಳ್ಳದಿರಲೆಂದು.

ಮಾಡಬೇಕಾದ್ದು ಇಷ್ಟೇ: ನಾಲ್ಕು ತೂತು, ನಾಲ್ಕು ನಟ್ಟು,
ಹಗ್ಗ ಸುತ್ತುವ ರಾಟೆಗೊಂದು ನೆಲೆ.
ಗೋಡೆ ಮೂರು ಮಿಲಿಮೀಟರ್. ಒಳಗೆ ಕೈ ಹೋಗುವುದಿಲ್ಲ.
ಹೊರಗಿನಿಂದಲೇ ತೂರಿಸಿ, ಎಳೆದು,
ಒಳಗೆ ಅದರ ಸೊಂಟ ಉಬ್ಬಿಸಿ ಕೂರಿಸಬೇಕು,
ಪರದೆಯ ಹಿಂದಿನ ಮದುಮಗಳಿಗೆ ಬಳೆ ತೊಡಿಸಿದಂತೆ.

ಹಳೆಯವು ಅಲ್ಯೂಮಿನಿಯಂ. ಅದಕ್ಕೂ ಇಂಗಾಲಕ್ಕೂ
ಉಪ್ಪುನೀರಿನ ಸಾಕ್ಷಿಯಲ್ಲಿ ಹಗೆ.
ಉಗುರಿನಿಂದ ಕೆರೆದರೆ ಬಿಳಿ ಪುಡಿ,
ಎಲೆಗೆ ಹಚ್ಚುವ ಸುಣ್ಣದ ಹಾಗೆ ಬೆರಳಿಗೆ ಬಂತು.

ಕಾರವಾರದ ಐಟಿಐನಲ್ಲಿ ಮಂಡ್ಯದ ಮೇಷ್ಟ್ರು, ಪುಟ್ಟಮಾದಯ್ಯ,
ಬೋಲ್ಟಿನ ಸುರುಳಿಗೆ ಮರೆ ಅನ್ನುತ್ತಿದ್ದರು.
'ಮರೆ ಹೋಯ್ತು ಕಣೋ, ಎಸಿ ಅದನ್ನ.'
ಆಗ್ನೆಲ್ ಆಟೆ ಅನ್ನುತ್ತಾನೆ,
ಪುಣೆಯಿಂದ ಫೋನು ಮಾಡುವ ದೋಣಿಯ ಧಣಿ ಥ್ರೆಡ್ ಅನ್ನುತ್ತಾನೆ.
ನನ್ನ ಬಾಯಿಗೆ ಮರೆಯೇ ಬರುತ್ತದೆ.
ಮಾಜಾಳಿಯ ಹುಡುಗ ನಾನು, ಮರೆ ಅಂದರೆ
ಮಳೆಗೆ ಕಟ್ಟುವ ತಟ್ಟಿ. ಮೊದಲ ವಾರವಿಡೀ
ಬೋಲ್ಟು ಯಾರಿಂದ ಅಡಗಿದೆಯೆಂದು ಯೋಚಿಸಿದ್ದೆ.

ಮೂರನೆಯ ಹಳೆ ನಟ್ಟಿನ ತಲೆ ಕೊರೆದದ್ದೇ ತಡ,
ಮುಂಡ ಒಳಗೆ ಬಿತ್ತು. ಟಣ್. ಆಮೇಲೆ ಉರುಳುವ ಸದ್ದು,
ಆಮೇಲೆ ಇಲ್ಲ.
ಬಿಟ್ಟುಬಿಡಬಹುದಿತ್ತು. ಕಡಲೆಬೀಜದಷ್ಟು ಚೂರು.
ಆದರೆ ದೋಣಿ ಹೊಯ್ದಾಡಿದಾಗೆಲ್ಲ ಅದು ಮಾತಾಡುತ್ತದೆ,
ಲಂಗರು ಹಾಕಿ ಮಲಗಿದವನ ತಲೆಯ ಮೇಲೆ.

ಸುಕ್ರು ಹರಿಕಂತ್ರ, ಕ್ಯಾಂಟೀನಿನ ಹುಡುಗ, ಆಗ್ನೆಲ್,
ಬುಡ ಎತ್ತಿ ಹಿಡಿದರು. ಭಾರವಿಲ್ಲ, ಉದ್ದದ್ದೇ ಕಷ್ಟ.
ದಾಬೋಳಿಗಿಳಿಯುವ ವಿಮಾನ ತಗಡು ನಡುಗಿಸಿ ಹೋಗಲೆಂದು ಕಾದು,
ಆಮೇಲೆ ತಟ್ಟುತ್ತ, ಅಲುಗಿಸುತ್ತ.
ತುದಿಯಲ್ಲಿ ನಾನು, ತೀರ್ಥಕ್ಕೆ ಕೂತವನ ಹಾಗೆ ಅಂಗೈ ಒಡ್ಡಿ.

ಬಿದ್ದದ್ದು ಒಂದು. ಬಂದದ್ದು ಎರಡು.

ಎರಡನೆಯದು ಸ್ಟೀಲಿನ ಇಡೀ ನಟ್ಟು,
ಒಂದು ಮಗ್ಗುಲಿಗೆ ಹಸಿರು ಬಣ್ಣದ ಚುಕ್ಕೆ.
ಈ ಶೆಡ್ಡಿನಲ್ಲಿ ತನ್ನ ಡಬ್ಬಿಯ ನಟ್ಟುಗಳಿಗೆ
ಹಸಿರು ಚುಕ್ಕೆ ಇಡುವವ ಒಬ್ಬನೇ.
ಬುಡದ ಕಡೆಯಿಂದ ಆಗ್ನೆಲ್ ಕೂಗಿದ: 'ಮೆಳ್ಳೆಂ?'
ಸಿಕ್ಕಿತು ಅಂದೆ. ಎಷ್ಟು ಅಂತ ಅವನು ಕೇಳಲಿಲ್ಲ.

ಚಹಾದ ಹೊತ್ತಿಗೆ ಎರಡನ್ನೂ ಬಸಿಯಲ್ಲಿಟ್ಟು ಅವನತ್ತ ಸರಿಸಿದೆ.
ಇಪ್ಪತ್ತಾರು ವರ್ಷದ ಅನುಭವದ ಮೇಸ್ತ್ರಿ. ಕನ್ನಡಕ ಒರೆಸಿದ.
ಚುಕ್ಕೆಯದನ್ನು ಕಿಸೆಗೆ ಹಾಕಿಕೊಂಡ, ಚೂರನ್ನು ಬುಟ್ಟಿಗೆ ಎಸೆದ.
ಖಾಲಿ ಬಸಿಗೆ ಚಹಾ ಸುರಿದು ಕುಡಿದ.

ಪಂಚಿನಿಂದ ಗುದ್ದಬಾರದು, ಪದರ ಬಿಡುತ್ತದೆ.
ಟೇಪು ಅಂಟಿಸಿ, ಪೆನ್ಸಿಲಿನ ಗುರುತು,
ಹರಿತವಾದ ಬಿಟ್ಟು, ಕೈಭಾರ ಮಾತ್ರ.
ಪುಡಿ ಕಾಡಿಗೆಗಿಂತ ನಯ; ಮಾಸ್ಕು ಗ್ಲೌಸು ಹಾಕಿದ್ದರೂ
ರಾತ್ರಿ ಮಣಿಕಟ್ಟು ತುರಿಸುತ್ತದೆ.
ತೂತಿನ ಅಂಚಿಗೆ ಎಪಾಕ್ಸಿ ಹಚ್ಚಿ ಒಂದು ದಿನ ಬಿಟ್ಟೆವು,
ಲೋಹ ಇಂಗಾಲವನ್ನು ಮುಟ್ಟದಿರಲಿ,
ನಡುವೆ ತೆಳ್ಳನೆಯ ಪೊರೆಯೊಂದಿರಲಿ.
ಮೇಷ್ಟ್ರೇ, ಇದೂ ಮರೆಯೇ.

ಕೊನೆಯ ನಟ್ಟು ಕೂರಿಸಲು ಮೊದಲ ಸಲ
ಹತಾರವನ್ನು ನನ್ನ ಕೈಗೆ ಕೊಟ್ಟ.
'ಹಿಡಿತ ಸಿಕ್ಕಿತು ಅನಿಸಿದೊಡನೆ ನಿಲ್ಲು.
ಇನ್ನೊಂಚೂರು ಅಂತ ಅನ್ನಿಸುತ್ತದೆ.
ಆ ಇನ್ನೊಂಚೂರೇ ಸೀಳುವುದು.'
ಕತ್ತಲಲ್ಲೆಲ್ಲೋ ಸೊಂಟ ಉಬ್ಬಿದ್ದು ಅಂಗೈಗೆ ಗೊತ್ತಾಯಿತು.
ನಿಂತೆ.

ಶುಕ್ರವಾರ ಕ್ರೇನು ಬಂದು ಕೂವೆ ನೆಟ್ಟಿತು.
ಎಲ್ಲರೂ ಇಳಿದ ಮೇಲೂ ಅವನು
ಬುಡಕ್ಕೆ ಕಿವಿ ಹಚ್ಚಿ ನಿಂತೇ ಇದ್ದ,
ಮರಳು ಹೊತ್ತ ಬಾರ್ಜೊಂದು ಜುವಾರಿಯಲ್ಲಿ ಹಾದು
ಅದರ ಅಲೆ ದೋಣಿಯನ್ನು ಆ ಕಡೆಗೊಮ್ಮೆ
ಈ ಕಡೆಗೊಮ್ಮೆ ವಾಲಿಸುವ ತನಕ.
ಕಂಬದೊಳಗೆ ಸದ್ದಿಲ್ಲ.
ಅವನ ಕಿಸೆಯಲ್ಲಿ ಏನೋ ಕಿಣಿಗುಟ್ಟಿತು.
ಚಿಲ್ಲರೆಯೂ ಇರಬಹುದು.