ಒಕ್ಕಣ್ಣಿನ ಕಿಂಡಿ

ಫೆರಿ ಆಚೆ ದಡದಲ್ಲಿ ಕೆಟ್ಟು ನಿಂತಿತ್ತು.
ವೆನ್ಲಾಕಿನಿಂದ ನಾನು ಕರಕೊಂಡು ಬಂದ ವಾರಿಜಕ್ಕನ
ಎಡಗಣ್ಣಿನ ಮೇಲೆ ಹತ್ತಿ, ಹತ್ತಿಯ ಮೇಲೆ ಅಂಟುಪಟ್ಟಿ,
ಅದರ ಮೇಲೆ ಆಸ್ಪತ್ರೆಯವರು ಪುಕ್ಕಟೆ ಕೊಟ್ಟ ಕಪ್ಪು ಕನ್ನಡಕ.
ರಿಕ್ಷಾದ ಒಳಗೆ ಸೆಕೆ.
"ಬತ್ತೇರಿ ಹತ್ತುವ," ಅಂದಳು. "ಐವತ್ತು ವರ್ಷ
ಇದರ ಬುಡದಲ್ಲಿ ಬುಟ್ಟಿ ಹೊತ್ತು ಹೋಗಿದ್ದೇನೆ,
ಮೇಲೆ ಎಂತ ಉಂಟು ನೋಡಿದವಳಲ್ಲ."

ಮೆಟ್ಟಿಲು ಅವಳು ಎಣಿಸಿದಳು,
ಮೀನು ಎಣಿಸುವ ಹಾಗೆ, ಐದೈದು ಮಾಡಿ.
ಕರಿಕಲ್ಲು ಮಧ್ಯಾಹ್ನದ ಬಿಸಿ ಬಿಟ್ಟುಕೊಡದೆ ಕೂತಿತ್ತು.
ಗೋಡೆಯಲ್ಲಿ ಯಾರದೋ ಹೆಸರು, ಬಾಣ ಚುಚ್ಚಿದ ಹೃದಯ.
ಕೆಳಗೆ ಮದ್ದಿನ ಮನೆ, ಬಾಗಿ ಇಣುಕಿದರೆ
ಬಾವಲಿಯ ವಾಸನೆ, ಒಂದು ಖಾಲಿ ಬಾಟ್ಲಿ.
ಶಾಲೆಯಲ್ಲಿ ಕಲಿತದ್ದನ್ನು ಹೇಳಿದೆ:
ಸುಲ್ತಾನ, ಹಡಗು, ತೋಪು, ಹೊಳೆಗೆ ಕಾವಲು.
"ಹೌದಾ," ಅಂದಳು,
ಬಂಗುಡೆಗೆ ಯಾರೋ ಕಮ್ಮಿ ರೇಟು ಕೇಳಿದ ಹಾಗೆ.

ಮತ್ತೆ ಕಿಂಡಿಯ ಎದುರು ನಿಂತಳು.

"ನನಗೆ ಗೊತ್ತಿದ್ದ ಕಿಂಡಿ ಒಂದೇ, ಉಡುಪಿಯದ್ದು.
ಅದರಲ್ಲಿ ದೇವರು ಕಾಣ್ತಾನೆ. ಇದರಲ್ಲಿ?"
ಕೋವಿ ಇಡ್ತಿದ್ದರು ಅಂದೆ.
ಗುರಿ ಹಿಡಿಯುವವ ಒಂದು ಕಣ್ಣು ಮುಚ್ಚಬೇಕಲ್ಲ;
ಆ ಕೆಲಸ ಡಾಕ್ಟ್ರು ಆಗಲೇ ಮುಗಿಸಿದ್ದರು.
ಕನ್ನಡಕ ಹಣೆಗೇರಿಸಿ, ಕೆನ್ನೆಯನ್ನು
ಕಲ್ಲಿಗೆ ಒತ್ತಿ ಹಿಡಿದಳು.

"ಮೂರು ಮರುವಾಯಿ ದೋಣಿ," ಗೋಡೆಯೊಳಗಿಂದ ಬಂತು ಸ್ವರ.
"ಎರಡು ಖಾಲಿ. ಒಂದರ ಅಂಚು ನೀರಿಗೆ ನಾಲ್ಕೇ ಬೆರಳು,
ದೂಮಣ್ಣನದ್ದು. ಆಸೆಬುರುಕ, ಒಂದು ದಿನ ಮುಳುಗ್ತಾನೆ."
ಶತ್ರುಗಳು ಯಾರೂ ಇರಲಿಲ್ಲ.
ಅಥವಾ ದೂಮಣ್ಣ ಒಬ್ಬನೇ.

ಆಮೇಲೆ ಕಿಂಡಿಯೊಳಗೆ ಕೈ ಹಾಕಿದಳು, ಮೊಣಕೈ ತನಕ,
ಮೀನಿನ ಹೊಟ್ಟೆ ಬಗೆಯುವ ನಿಧಾನದಲ್ಲಿ
ಕಲ್ಲಿನ ಓರೆ ಸವರಿದಳು.
"ಒಳಗೆ ಅಗಲ, ಹೊರಗೆ ಸಪೂರ.
ಇದು ಕೂರಿ ಅಲ್ವಾ ಮಾರಾಯ, ನಮ್ಮ ಮೀನಿನ ಕೂರಿ?
ಬಾಯಿ ಅಗಲ ಇಡುವುದು ಮೀನಿನ ಕಡೆಗೆ.
ಹಾಗಾದರೆ ಇಲ್ಲಿ ಮೀನು ಯಾರು?"

ನಾನು ನಿಂತಲ್ಲೇ ಒಬ್ಬ ನಿಂತಿದ್ದಿರಬೇಕು,
ಯಾವ ಊರಿನವನೋ, ಈಜು ಬಾರದವನೋ,
ಉಪ್ಪುಗಾಳಿಗೆ ತುಟಿ ಒಡೆದು,
ಬಾರದ ಹಡಗಿಗೆ ಕಣ್ಣಿಟ್ಟು,
ಅಗಲದಿಂದ ಸಪೂರಕ್ಕೆ
ದಿನಾ ಒಂದು ಗೇಣು ಜಾರುತ್ತ.

ಆಚೆ ಫೆರಿಯ ಇಂಜಿನ್ ಕೆಮ್ಮಿತು.
ಇಳಿಯುವಾಗ ವಾರಿಜಕ್ಕ ನನ್ನ ಹೆಗಲು ಹಿಡಿಯಲಿಲ್ಲ,
ಗೋಡೆ ಹಿಡಿದಳು.
"ರಿಕ್ಷಾದ್ದು ಎಷ್ಟಾಯ್ತು ಹೇಳು.
ಕಾದದ್ದಕ್ಕೆ ಕೊಡ್ಲಿಕ್ಕಿಲ್ಲ ಆಯ್ತಾ.
ಇಲ್ಲಿ ಕಾದವರಿಗೆ ಯಾರು ಕೊಟ್ಟಿದ್ದಾರೆ?"