ಎಡಗಡೆ, ಕೆಳಗಿನ ಸಾಲು

ಒಂದೂವರೆಗೆ ಎದ್ದಿತು.
ನಾನಲ್ಲ, ಹಲ್ಲು.
ಆಮೇಲೆ ನನ್ನನ್ನು ಎಬ್ಬಿಸಿತು.

ಹಗಲೆಲ್ಲ ಸುಮ್ಮನಿತ್ತು, ಕಳ್ಳಮುಂಡೇದು.
ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಸೀಟಿ ಊದುವಾಗ
ಒಮ್ಮೆ ಚಳಕ್ ಅಂದದ್ದು ಬಿಟ್ಟರೆ
ಒಳ್ಳೆಯ ಪ್ಯಾಸೆಂಜರಿನ ಹಾಗೆ
ಕಿಟಕಿ ಪಕ್ಕ ಕೂತಿತ್ತು.
ಈಗ ಲಗ್ಗೆರೆಯಲ್ಲಿ ಮೇಲಿನ ಮನೆಯವರ ಟಿವಿ ನಿಂತು,
ಓಣಿಯ ನಾಯಿಗಳು ಸುಸ್ತಾಗಿ,
ಗಂಡನ ಗೊರಕೆ ಗೇರು ಬದಲಿಸುವ ಹೊತ್ತಿಗೆ
ಇದಕ್ಕೆ ಡ್ಯೂಟಿ ಶುರು.

ಹತ್ತಿದ್ದು ದವಡೆಯಲ್ಲಿ.
ಟಿಕೆಟ್ ಇಲ್ಲ, ಪಾಸ್ ಇಲ್ಲ,
ಕಿವಿಯ ಹತ್ತಿರ ಇಳಿಯಬೇಕಾದದ್ದು ಇಳಿಯದೆ
ಕಣ್ಣಿನ ಹಿಂದೆ, ನೆತ್ತಿ, ಕತ್ತಿನ ನರ,
ಸ್ಟೇಜಿನ ಮೇಲೆ ಸ್ಟೇಜು ದಾಟಿ
ಮತ್ತೆ ದವಡೆಗೇ ಬಂದು
ಕೊನೇ ಸ್ಟಾಪಿನಲ್ಲೂ ಸೀಟು ಬಿಡುವುದಿಲ್ಲ.
ಹೆಂಗಸರಿಗೆ ಉಚಿತ ಅಂತ
ಇದಕ್ಕೆ ಯಾರು ಹೇಳಿದರೋ.

ಹಲ್ಲು ಕಚ್ಚಿಕೊಂಡು ಸಹಿಸು ಅಂತಾರೆ.
ಯಾವ ಹಲ್ಲು?
ಈ ಮಾತು ಮಾಡಿದವನಿಗೆ
ಮೂವತ್ತೆರಡೂ ಗಟ್ಟಿಯಿದ್ದಿರಬೇಕು.

ಅಡುಗೆಮನೆಯ ದೀಪ ಹಾಕಿದರೆ
ಮಗಳು ಏಳುತ್ತಾಳೆ, ನಾಳೆ ಗಣಿತ ಪರೀಕ್ಷೆ.
ಮೊಬೈಲಿನ ಬೆಳಕಿನಲ್ಲಿ ಡಬ್ಬಿ ತೆಗೆದೆ.
ಚಕ್ಕೆ ಇದೆ, ಮೊಗ್ಗು ಇದೆ,
ಲವಂಗ ಭಾನುವಾರದ ಪಲಾವಿಗೆ ಮುಗಿದಿದೆ.
ತಳದಲ್ಲಿ ಒಂದು ಸಿಕ್ಕಿತು,
ತಲೆ ಉದುರಿದ್ದು, ಬರೀ ಕಡ್ಡಿ.
ಅದನ್ನೇ ಹುಳುಕಿನ ಬಾಯಿಗಿಟ್ಟೆ
ಹರಕೆಯ ಹಾಗೆ.

ಉಪ್ಪುನೀರಿಗೆ ಲೋಟ ಹುಡುಕುತ್ತ
ಕತ್ತಲಲ್ಲಿ ಕೈ ಹಾಕಿದ್ದು
ನಮ್ಮತ್ತೆಯ ಲೋಟಕ್ಕೆ.
ತಣ್ಣಗೆ, ಜಾರುತ್ತ, ಎರಡೂ ಸಾಲು
ನೀರೊಳಗಿಂದ ನನ್ನ ನೋಡಿ ನಕ್ಕವು.
ಕಿರುಚಲಿಲ್ಲ.
ಕಿರುಚಲು ಬಾಯಿ ತೆರೆಯಬೇಕಲ್ಲ.

"ಯಾರೇ ಅದು, ನನ್ ಹಲ್ ಮುಟ್ಟಿದ್ದು?"
ಹಾಲಿನ ಮೂಲೆಯ ಚಾಪೆಯಿಂದ ಹೊನ್ನಗಂಗಮ್ಮ.
"ಎಷ್ಟನೇದು?"
ಬೆರಳಲ್ಲಿ ತೋರಿಸಿದೆ, ಕತ್ತಲು ಅಂತ ಮರೆತು.
"ನನಗೂ ಅದೇ ಮೊದಲು ಹೋಗಿದ್ದು.
ಮಿಲ್ಲಲ್ಲಿ ನೂಲು ಹಲ್ಲಲ್ಲೇ ಕಡೀತಿದ್ವಿ,
ಕತ್ತರಿಗೆ ಎದ್ದು ಹೋದರೆ ಮೇಸ್ತ್ರಿ ಬೈತಿದ್ದ."
ಸ್ವಲ್ಪ ಹೊತ್ತು ಸುಮ್ಮನಿದ್ದರು.
"ಕೀಳಿಸಿದ ದಿನ ಅದನ್ನ ಪೊಟ್ಟಣ ಕಟ್ಟಿ
ಸೆರಗಲ್ಲಿಟ್ಕೊಂಡು ಬಂದೆ.
ನಿಮ್ಮ ಮಾವ ಕೇಳಿದ್ರು, ಕಡಲೆಕಾಯಾ ಅಂತ."
ನನಗೆ ನಗು ಬಂತು. ನಗುವಿನ ಜೊತೆ ಗಾಳಿ ಒಳಗೆ ಹೋಗಿ
ನಕ್ಷತ್ರ ಕಂಡವು, ಲಗ್ಗೆರೆಯಲ್ಲಿ,
ಶೀಟಿನ ಸೂರಿನ ಕೆಳಗೆ.

ಡಾಕ್ಟರು ಹೇಳಿದ್ದು: ಬೇರು ತೆಗೆದು ಟೋಪಿ ಹಾಕಬೇಕು,
ಏಳು ಸಾವಿರ.
ಆ ತಿಂಗಳು ಸ್ಕೂಲು ಫೀಸು,
ಮುಂದಿನ ತಿಂಗಳು ನಾದಿನಿಯ ಸೀಮಂತ.
ಎಲ್ಲರಿಗೂ ದಾರಿ ಬಿಟ್ಟು ಬಿಟ್ಟು
ನನ್ನ ಹಲ್ಲು ಕ್ಯೂನ ಕೊನೆಯಲ್ಲೇ ನಿಂತಿತ್ತು.
ರಾತ್ರಿ ಮಾತ್ರ ಮುಂದೆ ನುಗ್ಗುತ್ತದೆ.

ಮೂರಕ್ಕೆ ನಲ್ಲಿ ಕೆಮ್ಮಿತು.
ಮೊದಲು ಗಾಳಿ, ಆಮೇಲೆ ಕಾವೇರಿ.
ಇಡೀ ವಠಾರದಲ್ಲಿ ಎದ್ದಿರುವವಳು ನಾನೊಬ್ಬಳೇ,
ಇವತ್ತು ಮೊದಲ ಬಿಂದಿಗೆ ನನ್ನದು.
ಎರಡು ಡ್ರಮ್ಮು, ಆರು ಕೊಡ, ಬಚ್ಚಲ ಬಕೆಟ್ಟು
ತುಂಬುವಷ್ಟು ಹೊತ್ತು
ಹಲ್ಲು ಎಲ್ಲಿತ್ತೋ ಗೊತ್ತಿಲ್ಲ.
ನಲ್ಲಿ ನಿಲ್ಲಿಸಿದ್ದೇ ತಡ
ಹೋದೆಯಾ ಅಂತ ನಾಲಿಗೆ ಕೇಳಿತು.
ಇಲ್ಲೇ ಇದೀನಿ, ಅಂದಿತು.

ಪಕ್ಕದ ಮನೆ ಎಸ್ತರಮ್ಮ ಕೊಡ ಹಿಡಿದು ಬಂದವಳು
ನನ್ನ ಕೆನ್ನೆ ನೋಡಿ
"ಯಾರಾದ್ರೂ ಹೊಡೆದ್ರಾ?" ಅಂದಳು, ದನಿ ತಗ್ಗಿಸಿ.
ಹೂಂ, ಅಂದೆ.
ಒಳಗಿಂದ.

ನಾಲ್ಕಕ್ಕೆ ಯೂನಿಫಾರ್ಮು, ಬ್ಯಾಗು, ಟಿಕೆಟ್ ಮಿಷನ್ನು.
ಅತ್ತೆ ಹಲ್ಲು ಹಾಕಿಕೊಂಡು ಕೂತಿದ್ದರು,
ಇಷ್ಟು ಬೇಗ ಯಾಕೋ.
ಏನೂ ಹೇಳದೆ ಎಲೆಯಡಿಕೆ ಚೀಲದಿಂದ
ಎರಡು ಲವಂಗ ತೆಗೆದು ಅಂಗೈಗೆ ಹಾಕಿದರು.
ಅಷ್ಟು ಹೊತ್ತೂ ಅಲ್ಲೇ ಇದ್ದವು.

ಮೊದಲ ಟ್ರಿಪ್ಪು, ಹೂವಿನವರು, ಸೊಪ್ಪಿನವರು.
ಮಾರ್ಕೆಟ್ಟು ಮಾರ್ಕೆಟ್ಟು ಅಂತ ಕೂಗುವ ಕೆಲಸ
ಇವತ್ತು ಡ್ರೈವರಿಗೆ.
ಹನ್ನೊಂದು ವರ್ಷ ಎಡಕ್ಕೆ ಕಚ್ಚಿದ ಸೀಟಿಯನ್ನು
ಬಲಕ್ಕೆ ಬದಲಾಯಿಸಿ ಊದಿದೆ.
ಸದ್ದು ಸ್ವಲ್ಪ ಬೇರೆ ಬಂತು.
ಅವನು ತಿರುಗಿ ನೋಡಿ,
ಗಾಡಿ ತೆಗೆದ.